ಹಿಟ್ಟಿನ ಕೋಳಿ

ಮನುಷ್ಯನು ತಾನು ಮಾಡಿದ ಕೆಲಸಕ್ಕೆ ತಾನೇ ಹೊಣೆಯೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪತಕ್ಕ ಮಾತು. ಕನಸಿನಲ್ಲಿ ಮಾಡಿದುದಕ್ಕೆ ಹೊಣೆಯಿಲ್ಲವೆಂಬುದನ್ನೂ ಬಹುಮಂದಿ ಒಪ್ಪುತ್ತಾರೆ. ಆದರೆ ಎಚ್ಚರದಲ್ಲಿ, ತಿಳಿದು ತಿಳಿದು, ಕೈಯಾರೆ ಮಾಡಿಯೂ ಯಾರಿಗೂ ಏನೂ ಆಗದೆ ಉಳಿಯುವ ಕೆಲಸವೊಂದುಂಟು. ಅದು ಆಟ. ಆಟದಲ್ಲಿ ಮಾಡಿದುದಕ್ಕೆ ಹೊಣೆಯುಂಟೆ, ಇಲ್ಲವೆ? ಪಗಡೆ, ಚೌಕಾಬಾರಗಳ ಮಟ್ಟಿಗೆ ಈ ಪ್ರಶ್ನೆಗೆ ಅಷ್ಟು ತೂಕವಿರಲಿಲ್ಲ. ಅಲ್ಲಿ ಕಾಯಿಯನ್ನು ಕಡಿದರೆ ಮರದ ತುಂಡೊಂದು ತನ್ನ ಮನೆಗೆ ಹಿಂದಿರುಗುತ್ತಿತ್ತು, ಅಷ್ಟೆ. ಇಂದಿನ ವಿಡಿಯೋ ಆಟಗಳಲ್ಲಾದರೋ ಕಡಿಯಲ್ಪಟ್ಟದ್ದು ಕೂಗುತ್ತದೆ, ಬೇಡಿಕೊಳ್ಳುತ್ತದೆ, ನೆಲಕ್ಕೆ ಬಿದ್ದು ಸಾಯುತ್ತದೆ. ಆದುದರಿಂದ ಪ್ರಶ್ನೆಯು ಮನೆಮನೆಯ ಪ್ರಶ್ನೆಯಾಗಿದೆ.

ಕನ್ನಡಿಗರಿಗೆ ಇದು ತೀರ ಹೊಸ ವಿಚಾರವೇನೂ ಅಲ್ಲ. 1209ರಲ್ಲಿ ಜನ್ನನು ರಚಿಸಿದ 'ಯಶೋಧರಚರಿತೆ'ಯ ತಿರುಳೇ ಇದು. ಮನಸ್ಸು ನೊಂದ ಯಶೋಧರ ರಾಜನು ತಾನು ಕೆಟ್ಟ ಕನಸು ಕಂಡೆನೆಂದು ತಾಯಿಯೊಡನೆ ಹೇಳುತ್ತಾನೆ. ದೇವಿಗೆ ಪ್ರಾಣಿಬಲಿ ಕೊಟ್ಟು ಶಾಂತಿ ಮಾಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಮಗನು ಒಪ್ಪುವುದಿಲ್ಲ. ಕಡೆಗೆ ಇಬ್ಬರ ಮಾತೂ ನಡೆಯುವಂತೆ ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿಸಿ ಅದನ್ನೇ ಕಡಿಯುವುದೆಂದು ನಿಶ್ಚಯವಾಗುತ್ತದೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿತು. ಪ್ರಾಣವೇ ಇಲ್ಲದ ಆ ವಸ್ತುವನ್ನು ಕೊಂದ ಸಂಕಲ್ಪಕ್ಕಾಗಿ ತಾಯಿಯೂ ಮಗನೂ ನವಿಲಾಗಿ, ನಾಯಾಗಿ, ಇನ್ನೂ ಅನೇಕ ಪ್ರಾಣಿಗಳಾಗಿ ಹುಟ್ಟಿ ಸತ್ತು ತೊಳಲಿದರೆಂದು ಕವಿ ಹೇಳುತ್ತಾನೆ. ಹಾಗಾದರೆ ಬೆಳಕಿನಿಂದ ಮಾಡಿದ ಮೃಗವನ್ನು ತೆರೆಯ ಮೇಲೆ ಕೊಲ್ಲುವ ಹುಡುಗನ ಗತಿಯೇನು?

ಈ ವಿಷಯದಲ್ಲಿ ಎರಡು ಪಕ್ಷಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಮನಸ್ಸಿನಲ್ಲಿ ಕೊಂದವನು ಕೊಂದವನೇ, ಆದುದರಿಂದ ಈ ಆಟಗಳೆಲ್ಲ ತ್ಯಾಜ್ಯವೆಂಬುದು ಹಿರಿಯರಲ್ಲಿ ಹಲವರ ಪಕ್ಷ. ಅದು ಬರಿಯ ಆಟ, ಅದರಲ್ಲಿ ಪಾಪಪುಣ್ಯಗಳನ್ನು ಹುಡುಕುವುದು ಹಾಸ್ಯಾಸ್ಪದವೆಂಬುದು ಕಿರಿಯರ ಪಕ್ಷ. ಇಬ್ಬರೂ ಒಂದು ಸಂಗತಿಯನ್ನು ಗಮನಿಸಿದಂತಿಲ್ಲ. ಆಡಿದವನು ತಾನು ಆಡಿದುದನ್ನು ಕುರಿತು ಏನು ಹೇಳುತ್ತಾನೆ? ಅವನ ಅಭಿಪ್ರಾಯದ ಬೆಲೆಯೇನು? ಪುಸ್ತಕವನ್ನೋದಿದವನ ಅಭಿಪ್ರಾಯಕ್ಕೂ ಆಟವಾಡಿದವನ ಅಭಿಪ್ರಾಯಕ್ಕೂ ಭೇದವೇನಾದರೂ ಇದೆಯೆ? ಇದನ್ನು ಮೊದಲು ನೋಡಿದರೆ ಹಿಟ್ಟಿನ ಕೋಳಿಯ ಪ್ರಶ್ನೆ ಬಿಡಿಸಲು ಸುಲಭವಾದೀತು.

ನ್ಯಾಯ ವ್ಯಾಕರಣ ಗ್ರಂಥಗಳಲ್ಲಿ ಉದಾಹರಣೆಗೆಂದು ಬರುವ ದೇವದತ್ತನನ್ನು ಇಲ್ಲಿಗೂ ಕರೆತರಬಹುದು. ಅವನು ಕಾಲೇಜಿನಲ್ಲಿ ಓದುವ ಹುಡುಗನೆಂದೂ, ರಜೆಯಲ್ಲಿ ಊರಿಗೆ ಬಂದಿರುವನೆಂದೂ, ಈಚೆಗೆ ಮೂರು ಆಟಗಳನ್ನು ಆಡಿ ಮುಗಿಸಿರುವನೆಂದೂ ಭಾವಿಸಬೇಕು. ಸೋದರಮಾವನು ಅವನನ್ನು ಎದುರಿಗೆ ಕೂರಿಸಿಕೊಂಡು, ಆ ಆಟಗಳು ಹೇಗಿದ್ದುವೆಂದು ಕೇಳುತ್ತಾನೆ. ದೇವದತ್ತನು ಕಲ್ಪಿತನು, ಆಟಗಳು ಮಾತ್ರ ನಿಜವಾದುವು, ಲೋಕದಲ್ಲಿ ಪ್ರಸಿದ್ಧವಾದುವು.

ಮೊದಲನೆಯದು 'ಶ್ಯಾಡೋ ಆಫ್ ದಿ ಕೊಲಾಸಸ್.' ಜಪಾನಿನ ಫುಮಿತೊ ಉಎದಾ ಎಂಬವರ ನಿರ್ದೇಶನದಲ್ಲಿ 2005ರಲ್ಲಿ ಹೊರಬಂದು, 2018ರಲ್ಲಿ ಹೊಸದಾಗಿ ರೂಪುಗೊಂಡ ಆಟ. ಸತ್ತ ಕನ್ಯೆಯೊಬ್ಬಳನ್ನು ಕುದುರೆಯ ಮೇಲೆ ಹೊತ್ತು ತರುಣನೊಬ್ಬನು ನಿಷಿದ್ಧವಾದ ನಾಡಿಗೆ ಬರುತ್ತಾನೆ. ಅಲ್ಲಿರುವ 16 ಮಹಾಕಾಯಗಳನ್ನು ಕೊಂದರೆ ಅವಳು ಬದುಕಬಹುದೆಂದು ಅಶರೀರವಾಣಿಯೊಂದು ಹೇಳುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಭಾರವಾದೀತೆಂದು ಎಚ್ಚರಿಸುತ್ತದೆ ಕೂಡ. ಆ ವಿಶಾಲವಾದ ನಾಡಿನಲ್ಲಿ ಬೇರೆ ಶತ್ರುಗಳಿಲ್ಲ. ಗುಡ್ಡದಂತಹ ಆ ದೇಹಗಳನ್ನು ಹತ್ತಿ ಮರ್ಮಸ್ಥಾನವನ್ನು ಇರಿಯಬೇಕು. ಅವು ಕುಸಿದು ಬೀಳುವಾಗ ಜಯಭೇರಿ ಮೊಳಗುವುದಿಲ್ಲ. ಶೋಕದ ಸಂಗೀತ ಕೇಳುತ್ತದೆ. ಒಂದೊಂದು ವಧೆಯಾದ ಮೇಲೂ ಕಪ್ಪು ಎಳೆಗಳು ಬಂದು ತರುಣನ ಮೈಯನ್ನು ಹೊಗುತ್ತವೆ. ಅವನ ರೂಪವು ಕ್ರಮವಾಗಿ ಕಂದುತ್ತದೆ. ಮರಳುಗಾಡಿನ ಮೇಲೆ ಹಾರಾಡುವ 13ನೆಯ ಮಹಾಕಾಯವು ಆಟಗಾರನ ಮೇಲೆ ಒಮ್ಮೆಯೂ ಎರಗುವುದಿಲ್ಲ. ಅದನ್ನು ಕುರಿತು ದೇವದತ್ತನ ಅಭಿಪ್ರಾಯವಿದು: "ಆಟ ಬಹಳ ಸುಂದರವಾಗಿದೆ, ಮಾವ. ಆದರೆ ಹದಿಮೂರನೆಯದು ನನಗೆ ಏನೂ ಮಾಡಿರಲಿಲ್ಲ. ಅದನ್ನು ಬಾಣ ಬಿಟ್ಟು ಕೆಳಗಿಳಿಸಿ ಕೊಂದೆ. ಗೆದ್ದ ಹಾಗೆ ಅನ್ನಿಸಲಿಲ್ಲ."

ಎರಡನೆಯದು 'ಪೇಪರ್ಸ್, ಪ್ಲೀಸ್.' ಲೂಕಸ್ ಪೋಪ್ ಎಂಬ ಅಮೆರಿಕದವರು ಜಪಾನಿನಲ್ಲಿದ್ದುಕೊಂಡು ರಚಿಸಿ 2013ರಲ್ಲಿ ಪ್ರಕಟಿಸಿದುದು. ಕಾಲ 1982, ಸ್ಥಳ ಆರ್‌ಸ್ಟೋಟ್ಸ್ಕಾ ಎಂಬ ಕಲ್ಪಿತ ರಾಜ್ಯದ ಗಡಿ. ಆಟಗಾರನು ಅಲ್ಲಿಯ ಪಾಸ್‌ಪೋರ್ಟು ಪರಿಶೀಲಿಸುವ ಅಧಿಕಾರಿ. ಕಾಗದಪತ್ರಗಳನ್ನು ನೋಡಿ ಒಳಗೆ ಬಿಡಬೇಕು, ಇಲ್ಲವೆ ಹಿಂದಕ್ಕೆ ಕಳುಹಿಸಬೇಕು. ಸರಿಯಾಗಿ ವಿಲೇವಾರಿ ಮಾಡಿದ ಪ್ರತಿಯೊಬ್ಬ ಪ್ರಯಾಣಿಕನಿಗೂ ಇಷ್ಟೆಂದು ಸಂಬಳ. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ. ಸಂಜೆ ಬಾಡಿಗೆ, ಊಟ, ಚಳಿಗೆ ಬೆಂಕಿ ಇವುಗಳ ಲೆಕ್ಕ ಎದುರಿಗೆ ಬರುತ್ತದೆ; ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇದ್ದಾರೆ. ಒಂದು ದಿನ ಗಂಡನೊಬ್ಬನು ಸರಿಯಾದ ಪತ್ರಗಳೊಡನೆ ಬಂದು, ಹಿಂದೆಯೇ ಬರುತ್ತಿರುವ ತನ್ನ ಹೆಂಡತಿಯ ಮೇಲೆ ದಯೆಯಿಡಬೇಕೆಂದು ಕೇಳಿಕೊಂಡು ಹೋಗುತ್ತಾನೆ. ಅವಳ ಬಳಿ ಪ್ರವೇಶದ ಪರವಾನಗಿಯಿಲ್ಲ. ದೇವದತ್ತನ ಅಭಿಪ್ರಾಯ: "ಅದು ಆಫೀಸಿನ ಕೆಲಸದಂತೆಯೇ ಬೇಸರದ ಆಟ, ಆದರೂ ಬಿಡಲಾಗಲಿಲ್ಲ. ಆ ಹೊತ್ತಿಗೆ ಎರಡು ತಪ್ಪು ಆಗಿಹೋಗಿತ್ತು. ಇನ್ನೊಂದಾದರೆ ದಂಡ ಬೀಳುತ್ತಿತ್ತು. ಆಕೆಯನ್ನು ಹಿಂದಕ್ಕೆ ಕಳಿಸಿಬಿಟ್ಟೆ."

ಮೂರನೆಯದು ಟೋಬಿ ಫಾಕ್ಸ್ ಎಂಬವರು 2015ರಲ್ಲಿ ಪ್ರಕಟಿಸಿದ 'ಅಂಡರ್‌ಟೇಲ್.' ಮಗುವೊಂದು ನೆಲದೊಳಗಿನ ಭೂತಗಳ ಲೋಕಕ್ಕೆ ಬೀಳುತ್ತದೆ. ಎದುರಾದವರೊಡನೆ ಕಾದಬಹುದು, ಇಲ್ಲವೆ ಕರುಣೆ ತೋರಿ ಬಿಟ್ಟುಬಿಡಬಹುದು. ಯಾರನ್ನೂ ಕೊಲ್ಲದೆಯೇ ಆಟವನ್ನು ಮುಗಿಸಲು ದಾರಿಯುಂಟು. ಮೊದಲಲ್ಲೇ ಟೋರಿಯೆಲ್ ಎಂಬ ತಾಯಿಯಂತಹವಳು ಮಗುವನ್ನು ಸಾಕುತ್ತಾಳೆ. ಹೊರಗೆ ಹೋದರೆ ಅಪಾಯವೆಂದು ಬಾಗಿಲಿಗೆ ಅಡ್ಡ ನಿಲ್ಲುವವಳೂ ಅವಳೇ. ಬೇರೆ ದಾರಿ ಕಾಣದೆ ಅವಳನ್ನು ಕೊಂದು, ಪಶ್ಚಾತ್ತಾಪದಿಂದ ಆಟವನ್ನು ಹಿಂದಕ್ಕೆ ತಿರುಗಿಸಿ, ಮರಳಿ ಆಡಿ ಅವಳನ್ನು ಉಳಿಸಿದ ಆಟಗಾರರು ಬಹುಮಂದಿ. ಇತರ ಆಟಗಳಲ್ಲಿ ಹಾಗೆ ಮಾಡಿದರೆ ಹಿಂದಿನದು ಅಳಿಸಿಹೋಗುತ್ತದೆ. ಇಲ್ಲಿ ಮಾತ್ರ ಹೂವಿನ ರೂಪದ ಪಾತ್ರವೊಂದು ಬಂದು, ಮೊದಲು ನಡೆದುದು ತನಗೆ ಗೊತ್ತಿದೆಯೆಂದು ಮುಖಕ್ಕೇ ಹೇಳುತ್ತದೆ. ಎಲ್ಲರನ್ನೂ ಹುಡುಕಿ ಹುಡುಕಿ ಕೊಂದು ಮುಗಿಸಿದವನು ಅನಂತರ ದಯೆಯ ದಾರಿಯಲ್ಲಿ ಆಡಿ ಮುಗಿಸಿದರೂ ಕೊನೆಯಲ್ಲಿ ಹಳೆಯ ಕಲೆಯೊಂದು ಉಳಿದೇ ಇರುತ್ತದೆ. ಇದರ ವಿಷಯದಲ್ಲಿ ದೇವದತ್ತನು ಸ್ವಲ್ಪ ತಡೆದು, "ಅವಳನ್ನು ಉಳಿಸಿದೆ. ಆದರೆ ಮೊದಲು ಕೊಂದಿದ್ದೆ. ಅದು ಆಟಕ್ಕೆ ಗೊತ್ತಿತ್ತು" ಎಂದನು.

ಈ ಮೂರು ಅಭಿಪ್ರಾಯಗಳ ಕ್ರಿಯಾಪದಗಳನ್ನು ವಾಚಕರು ಗಮನಿಸಬೇಕು. ಕಾದಂಬರಿಯನ್ನೋದಿದವನು ಕಥಾನಾಯಕನನ್ನು ಕುರಿತು 'ಕೊಂದನು' ಎನ್ನುತ್ತಾನೆ. ನಾಟಕ ನೋಡಿ ಬಂದವನು ಭೀಮನು ದುಶ್ಶಾಸನನ ಎದೆಯನ್ನು 'ಸೀಳಿದನು' ಎನ್ನುತ್ತಾನೆ, 'ಸೀಳಿದೆನು' ಎನ್ನುವುದಿಲ್ಲ. ಆಟವಾಡಿದವನು ಮಾತ್ರ ಯಾರೂ ಕಲಿಸದೆಯೇ ಉತ್ತಮಪುರುಷದಲ್ಲಿ ಮಾತನಾಡುತ್ತಾನೆ: ಕೊಂದೆ, ಕಳಿಸಿದೆ, ಉಳಿಸಿದೆ. ಕನ್ನಡದ ಕ್ರಿಯಾಪದವು ಕರ್ತೃವನ್ನು ತನ್ನ ಕೊನೆಯಲ್ಲಿಯೇ ಹೊತ್ತಿರುವುದರಿಂದ ಈ ಭೇದವನ್ನು ಮರೆಮಾಚಲು ಸಾಧ್ಯವಿಲ್ಲ. ನಾಟಕದ ಪ್ರೇಕ್ಷಕನು ಪಾತ್ರದ ಸುಖದುಃಖಗಳನ್ನು ತನ್ನದೆಂದಾಗಲಿ ಪರರದೆಂದಾಗಲಿ ಕಟ್ಟಿಕೊಳ್ಳದೆ, ಸಾಧಾರಣವಾಗಿ ಅನುಭವಿಸುವುದರಿಂದಲೇ ಅವನಿಗೆ ರಸಾಸ್ವಾದವಾಗುವುದೆಂದು ಅಭಿನವಗುಪ್ತನ ಮತ. ಆಟದಲ್ಲಿ ಆ ದೂರವು ಸಗಟಾಗಿ ಉಳಿಯುವುದಿಲ್ಲ. ಪ್ರೇಕ್ಷಕನೇ ರಂಗದ ಮೇಲೆ ಹತ್ತಿ ಗದೆಯನ್ನು ಹಿಡಿದಿದ್ದಾನೆ.

ಈ ಭೇದವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ಕ್ರೂರವಾದ ಆಟಗಳನ್ನು ಮಕ್ಕಳಿಗೆ ಮಾರಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯವು 2005ರಲ್ಲಿ ಮಾಡಿದ್ದ ಕಾನೂನನ್ನು ಆ ನ್ಯಾಯಾಲಯವು 2011ರಲ್ಲಿ 7 ಮಂದಿಯ ಬಹುಮತದಿಂದ, 2 ಮಂದಿಯ ವಿರೋಧದ ಮೇಲೆ ರದ್ದುಮಾಡಿತು. ಪುಸ್ತಕ, ನಾಟಕ, ಚಲನಚಿತ್ರಗಳಂತೆ ಆಟವೂ ಭಾವವನ್ನು ತಿಳಿಸುವ ಸಾಧನವೇ. ಮಕ್ಕಳ ಹಳೆಯ ಕಥೆಗಳಲ್ಲಿಯೂ ಕ್ರೌರ್ಯಕ್ಕೆ ಕೊರತೆಯಿಲ್ಲವೆಂದು ನ್ಯಾಯಮೂರ್ತಿ ಸ್ಕಾಲಿಯಾ ಅವರು ಬರೆದರು. ನ್ಯಾಯಮೂರ್ತಿ ಅಲಿಟೊ ಅವರು ತೀರ್ಪಿನ ಫಲವನ್ನು ಒಪ್ಪಿಯೂ, ಆಡುವ ಅನುಭವವು ಓದುವ ಅನುಭವಕ್ಕಿಂತ ತೀರ ಬೇರೆಯಾಗಿರಬಹುದೆಂಬುದನ್ನು ಅಷ್ಟು ಬೇಗ ತಳ್ಳಿಹಾಕಬಾರದೆಂದರು. ಕಾನೂನಿನ ದೃಷ್ಟಿಯಲ್ಲಿ ಮೊದಲನೆಯವರದು ಸರಿಯಿರಬಹುದು. ನೀತಿಯ ದೃಷ್ಟಿಯಲ್ಲಿ ಎರಡನೆಯವರ ಸಂಶಯವನ್ನು ಬಿಡಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಆಟವನ್ನು ರಚಿಸಿದವನು ಬೇರೆಯಾಗಿರುವಾಗ, ಅವನು ತೋರಿದ ದಾರಿಯಲ್ಲಿ ನಡೆದವನಿಗೆ ಕರ್ತೃತ್ವವೆಲ್ಲಿಯದು? ಪಾಣಿನಿಯ ವ್ಯವಸ್ಥೆ ಇಲ್ಲಿ ನೆರವಾಗುತ್ತದೆ. ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃ; ಅವನನ್ನು ಪ್ರೇರಿಸುವವನಿಗೆ ಹೇತುವೆಂದು ಹೆಸರು. ಪ್ರೇರಕನಿದ್ದ ಮಾತ್ರಕ್ಕೆ ಕರ್ತೃವು ಇಲ್ಲದೆ ಹೋಗುವುದಿಲ್ಲ. ಎಷ್ಟು ಸ್ವಾತಂತ್ರ್ಯವೋ ಅಷ್ಟು ಹೊಣೆ. ಮೊದಲನೆಯ ಆಟದಲ್ಲಿ ಕೊಲ್ಲದೆ ಮುಂದುವರಿಯುವ ದಾರಿಯೇ ಇಲ್ಲ. ಆಟಗಾರನಿಗೆ ಉಳಿದಿರುವ ಸ್ವಾತಂತ್ರ್ಯವೆಂದರೆ ಆಡುವುದು ಅಥವಾ ಬಿಡುವುದು. ಅಲ್ಲಿ ಹೊಣೆಯ ಬಹುಭಾಗವು ರಚಿಸಿದವನದು. ಎರಡನೆಯದರಲ್ಲಿ ಆ ಹೆಂಗಸನ್ನು ಬಿಡಲೂ ಬಹುದು, ಕಳುಹಿಸಲೂ ಬಹುದು. ಬೆಲೆ ಮಾತ್ರ ಗೊತ್ತಾಗಿದೆ. ಮೂರನೆಯದರಲ್ಲಿ ಕರುಣೆಯ ದಾರಿ ಮೊದಲಿನಿಂದಲೂ ತೆರೆದಿದೆ. ಹೀಗೆ ಹೊಣೆಯು ಆಟದಿಂದ ಆಟಕ್ಕೆ ಬೇರೆಯಾಗುತ್ತದೆ. ಆಟಗಳೆಲ್ಲವೂ ಒಂದೇ ಎಂದು ಖಂಡಿಸುವವರೂ, ಒಂದೇ ಎಂದು ಕ್ಷಮಿಸುವವರೂ ಈ ತಾರತಮ್ಯವನ್ನು ನೋಡುವುದಿಲ್ಲ.

ಈಗ ಹಿಟ್ಟಿನ ಕೋಳಿಗೆ ಬರಬಹುದು. ಪ್ರಾಣಿವಧೆಗೆ ಐದು ಅಂಗಗಳು ಕೂಡಬೇಕೆಂದು ಬೌದ್ಧ ವ್ಯಾಖ್ಯಾನಕಾರರು ಹೇಳುತ್ತಾರೆ: ಪ್ರಾಣಿಯಿರಬೇಕು, ಪ್ರಾಣಿಯೆಂಬ ಅರಿವಿರಬೇಕು, ಕೊಲ್ಲುವ ಸಂಕಲ್ಪವಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದ ಪ್ರಾಣ ಹೋಗಬೇಕು. ಹಿಟ್ಟಿನ ಕೋಳಿಯಲ್ಲಿಯೂ ತೆರೆಯ ಮೃಗದಲ್ಲಿಯೂ ಮೊದಲನೆಯದು, ಎರಡನೆಯದು, ಐದನೆಯದು ಈ ಮೂರೂ ಇಲ್ಲ. ಆದರೆ ಜೈನಶಾಸ್ತ್ರವು ದ್ರವ್ಯಹಿಂಸೆಯನ್ನೂ ಭಾವಹಿಂಸೆಯನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಜೈನಕವಿಯಾದ ಜನ್ನನಿಗೆ ಮೂರನೆಯ ಅಂಗವಾದ ಸಂಕಲ್ಪವೊಂದೇ ಸಾಕಾಯಿತು. ಹಾಗಿದ್ದರೂ ಯಶೋಧರನ ಸಂಕಲ್ಪ ಯಾವುದೆಂದು ವಿಚಾರಿಸಬೇಕು. ಅವನು ಆಟವಾಡುತ್ತಿರಲಿಲ್ಲ. ದೇವಿಯ ಮುಂದೆ ಆ ಹಿಟ್ಟು ಜೀವಂತ ಕೋಳಿಯೆಂದೇ ಸಲ್ಲಬೇಕು, ಬಲಿಯ ಫಲ ದೊರೆಯಬೇಕು, ಕೊಂದ ದೋಷ ಮಾತ್ರ ತಟ್ಟಬಾರದು. ಇದು ಅವನ ಬಯಕೆ. ಫಲಕ್ಕೆ ಕೊಲೆಯೆಂದು ಎಣಿಸಬೇಕು, ಪಾಪಕ್ಕೆ ಕೊಲೆಯಲ್ಲವೆಂದು ಎಣಿಸಬೇಕು ಎಂಬ ಈ ಲೆಕ್ಕವೇ ಅವನನ್ನು ಹಿಡಿಯಿತು.

ಆಟಗಾರನಿಗೆ ಸಾಮಾನ್ಯವಾಗಿ ಇಂತಹ ಬಯಕೆಯಿಲ್ಲ. ತೆರೆಯ ಮೇಲಿನದು ನಿಜವೆಂದು ಅವನೂ ಭಾವಿಸುವುದಿಲ್ಲ, ಬೇರೆಯವರು ಭಾವಿಸಬೇಕೆಂದೂ ಕೋರುವುದಿಲ್ಲ. ಆದುದರಿಂದ ಆಟದಲ್ಲಿ ಕೊಂದವನೆಲ್ಲ ಯಶೋಧರನೆಂಬ ಮಾತು ನಿಲ್ಲದು. ಆದರೆ ನಿಜವಾದ ಒಬ್ಬನ ಮೇಲಿನ ದ್ವೇಷವನ್ನು ತೆರೆಯ ಬೊಂಬೆಯೊಂದರ ಮೇಲಿಟ್ಟು, ಅವನೇ ಇವನೆಂದು ಬಗೆದು ಕಡಿಯುವವನಿರಬಹುದು. ನೋಯಿಸಿದುದಕ್ಕೆ ಮರುಗುವ ಬದಲು ನೋವನ್ನು ಸವಿಯುವುದನ್ನೇ ದಿನದಿನವೂ ಅಭ್ಯಾಸಮಾಡುವವನಿರಬಹುದು. ಅಂತಹವನ ಕೈಯಲ್ಲಿ ಹಿಟ್ಟಿನ ಕೋಳಿ ಕೂಗಿತೆಂದೇ ತಿಳಿಯಬೇಕು. ಇನ್ನು ಹಲವರು ಜಾಲದ ಮೂಲಕ ಕೂಡಿ ಆಡುವ ಆಟಗಳಲ್ಲಿ ಎದುರಾಳಿಗೆ ತಗಲಿದ ಗುಂಡು ಸುಳ್ಳು. ಅವನಿಗೆ ಆಡಿದ ಬೈಗುಳ ಸುಳ್ಳಲ್ಲ. ಅದನ್ನು ಕೇಳಿದ ಕಿವಿ ಯಾವುದೋ ಊರಿನ ಯಾವುದೋ ಮನೆಯ ನಿಜವಾದ ಹುಡುಗನದು. ಅಲ್ಲಿ ಹಿಟ್ಟಿನ ಪ್ರಶ್ನೆಯೇ ಇಲ್ಲ.

ಹೀಗೆ ಒಂದೇ ಆಟವನ್ನು ಇಬ್ಬರು ಒಂದೇ ಬಗೆಯಾಗಿ ಆಡಿದರೂ ಒಬ್ಬನದು ಬರಿಯ ವಿನೋದವಾಗಿಯೂ ಇನ್ನೊಬ್ಬನದು ದುಸ್ಸಂಸ್ಕಾರವಾಗಿಯೂ ಇರಬಹುದು. ಹೊರಗಿನಿಂದ ನೋಡಿದರೆ ಇಬ್ಬರ ಬೆರಳೂ ಒಂದೇ ಗುಂಡಿಯನ್ನು ಒತ್ತುತ್ತಿರುತ್ತವೆ. ಭೇದವು ತಿಳಿಯುವುದು ಅವರ ಅಭಿಪ್ರಾಯದಿಂದ ಮಾತ್ರ. ಹದಿಮೂರನೆಯದು ನನಗೆ ಏನೂ ಮಾಡಿರಲಿಲ್ಲವೆಂದವನ ಮನಸ್ಸು ಒಂದು. ಅದು ಬಹಳ ಸುಲಭವಾಗಿ ಸಿಕ್ಕಿತೆಂದವನ ಮನಸ್ಸು ಇನ್ನೊಂದು. ಆಟಗಾರನು ತಾನಾಡಿದುದನ್ನು ಕುರಿತು ಹೇಳುವ ಮಾತು ಆಟದ ವಿಮರ್ಶೆಯಾಗುವುದರೊಡನೆ ಅವನ ವಿಷಯದಲ್ಲಿ ಅವನೇ ನುಡಿಯುವ ಸಾಕ್ಷ್ಯವೂ ಆಗಿರುವುದು ಹೀಗೆ. ಪುಸ್ತಕದ ಅಭಿಪ್ರಾಯಕ್ಕೂ ಆಟದ ಅಭಿಪ್ರಾಯಕ್ಕೂ ಇರುವ ಮುಖ್ಯ ಭೇದವಿದು.

ಶಾಸ್ತ್ರಜ್ಞರ ಪರೀಕ್ಷೆಗಳಿಂದ ಈ ವಿಷಯ ತೀರ್ಮಾನವಾಗದೆ ಎಂದು ಕೆಲವರು ಕೇಳಬಹುದು. ಆಟದ ವ್ಯಸನವು ಜೀವನದ ಇತರ ಕೆಲಸಗಳನ್ನೆಲ್ಲ ನುಂಗುವಷ್ಟಾದರೆ ಅದನ್ನು ರೋಗವೆಂದೇ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿ ಹೇಳುತ್ತದೆ. ಅದು 2019ರಲ್ಲಿ ಅಂಗೀಕೃತವಾಗಿ 2022ರಿಂದ ಜಾರಿಗೆ ಬಂದಿದೆ. ಕ್ರೂರ ಆಟಗಳಿಗೂ ಕೂಗಾಟ, ತಳ್ಳಾಟಗಳಂತಹ ಒರಟುತನಕ್ಕೂ ಅಲ್ಪ ಸಂಬಂಧ ಕಾಣುವುದಾದರೂ, ನಿಜವಾದ ಹಿಂಸಾಕೃತ್ಯಗಳಿಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2020ರಲ್ಲಿ ನಿರ್ಣಯಿಸಿತು. ಇವೆರಡೂ ಉಪಯುಕ್ತವಾದ ತಿಳಿವಳಿಕೆಗಳೇ. ಆದರೆ ಸಾವಿರ ಮಕ್ಕಳ ಸರಾಸರಿಯು ಮನೆಯಲ್ಲಿರುವ ಒಬ್ಬ ಹುಡುಗನ ಸಂಕಲ್ಪವನ್ನು ತಿಳಿಸಲಾರದು. ಅವನನ್ನೇ ಕೇಳಬೇಕು.

ಕೇಳುವವರು ಎಷ್ಟು ಮಂದಿ? ವಿದ್ಯಾವಂತರ ಮನೆಗಳಲ್ಲಿಯೂ ಮಕ್ಕಳನ್ನು ಕುರಿತು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಎಷ್ಟು ಹೊತ್ತು ಆಡಿದೆ?" ಉತ್ತರವಾಗಿ ಒಂದು ಸಂಖ್ಯೆ ಬರುತ್ತದೆ, ಅದೂ ಅನೇಕ ವೇಳೆ ಸುಳ್ಳಾಗಿರುತ್ತದೆ. "ಅಲ್ಲಿ ಏನು ಮಾಡಿದೆ? ಯಾಕೆ ಹಾಗೆ ಮಾಡಿದೆ?" ಎಂದು ಕೇಳಿದರೆ ಸಾಕ್ಷ್ಯ ಬರುತ್ತದೆ. ಮಗನು ಕಾದಂಬರಿಯೊಂದನ್ನು ಓದಿ ಬಂದರೆ ಅವನ ಅಭಿಪ್ರಾಯವನ್ನು ಕೇಳಿ ಸಂತೋಷಪಡುವ ತಂದೆಯು, ಅದೇ ಮಗನು ಗಡಿಯ ಅಧಿಕಾರಿಯಾಗಿ ಹೆಂಗಸೊಬ್ಬಳನ್ನು ಹಿಂದಕ್ಕೆ ಕಳುಹಿಸಿ ಬಂದಾಗ ಕೇಳುವುದಿಲ್ಲ, ಸಾಧನವನ್ನು ಕಸಿದಿಡುತ್ತಾನೆ. ಮಗನು ಆ ಹೊತ್ತಿನಲ್ಲಿ ದಂಡಕ್ಕೆ ಹೆದರಿ ದಯೆಯನ್ನು ಬಿಡುವುದೆಂದರೆ ಏನೆಂಬುದನ್ನು ಬಹುಶಃ ಮೊದಲ ಸಲ ತಿಳಿದಿದ್ದನು. ಅದನ್ನು ಕುರಿತು ಮಾತನಾಡುವ ಅವಕಾಶವು ಹಾಗೆಯೇ ಹೋಯಿತು.

ಈ ಸಂದರ್ಭದಲ್ಲಿ ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಎಬರ್ಟ್ ಅವರ ವೃತ್ತಾಂತವು ಸ್ಮರಣೀಯವಾಗಿದೆ. ಆಟವು ಎಂದಿಗೂ ಕಲೆಯಾಗಲಾರದು, ಅದರಲ್ಲಿ ಗೆಲ್ಲುವುದೆಂಬುದಿದೆ, ಕಲೆಯಲ್ಲಿ ಗೆಲ್ಲುವುದೆಂಬುದಿಲ್ಲವೆಂದು 2010ರ ಏಪ್ರಿಲಿನಲ್ಲಿ ಅವರು ಬರೆದರು. ಕೆಲವೇ ತಿಂಗಳಲ್ಲಿ, ಆಡಿ ನೋಡದೆ ಆ ಮಾತನ್ನು ಆಡಬಾರದಿತ್ತೆಂದು ಅವರೇ ಬರೆದರು. ದೊಡ್ಡ ವಿಮರ್ಶಕನಿಗೂ ಆಡಿದವನ ಸಾಕ್ಷ್ಯವಿಲ್ಲದೆ ತೀರ್ಪು ಕೊಡುವ ಅಧಿಕಾರವಿಲ್ಲವೆಂದಾಯಿತು. ಹಾಗೆಂದು ಎಲ್ಲ ಹಿರಿಯರೂ ಆಡಲು ತೊಡಗಬೇಕೆಂಬುದೇನೂ ಇಲ್ಲ. ಆಡಿದವರನ್ನು ಕೇಳಿದರೆ ಸಾಕು. ಸರ್ಯೇವೊ ನಗರದ 1992ರಿಂದ 1996ರವರೆಗಿನ ಮುತ್ತಿಗೆಯಿಂದ ಪ್ರೇರಣೆ ಪಡೆದು, ಯುದ್ಧದಲ್ಲಿ ಸಿಕ್ಕಿದ ಸಾಮಾನ್ಯ ಜನರ ಬಾಳನ್ನು ತೋರಿಸುವ 'ದಿಸ್ ವಾರ್ ಆಫ್ ಮೈನ್' ಎಂಬ 2014ರ ಆಟವನ್ನು ಪೋಲೆಂಡಿನ ಸರ್ಕಾರವು ಶಾಲಾಮಕ್ಕಳ ಐಚ್ಛಿಕ ಪಠ್ಯಗಳಲ್ಲಿ ಸೇರಿಸುವುದಾಗಿ 2020ರಲ್ಲಿ ಪ್ರಕಟಿಸಿತು. ಆ ಆಟದಲ್ಲಿ ಹಸಿದವನು ವೃದ್ಧ ದಂಪತಿಗಳ ಮನೆಗೆ ನುಗ್ಗಿ ಅವರ ಆಹಾರವನ್ನು ಕದಿಯಬಹುದು. ಇಂತಹ ಆಟವು ತರಗತಿಗೆ ಬಂದರೆ ಉಪಾಧ್ಯಾಯನು ಕೇಳಬೇಕಾದುದೂ ಇದನ್ನೇ: ನೀನು ಏನು ಮಾಡಿದೆ?

ಕೇಳುವವರಿಗೆ ಹೇಗೆ ಕರ್ತವ್ಯವುಂಟೋ ಹೇಳುವವನಿಗೂ ಹಾಗೆಯೇ ಉಂಟು. ತನ್ನ ಅಭಿಪ್ರಾಯವನ್ನು ಹೇಳುವ ಆಟಗಾರನು ಚಿತ್ರ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ ಎಂದಿಷ್ಟಕ್ಕೆ ನಿಲ್ಲಬಾರದು. ಆಟವು ತನ್ನಿಂದ ಬಲವಂತವಾಗಿ ಮಾಡಿಸಿದುದು ಯಾವುದು, ಬೇರೆ ದಾರಿಯಿದ್ದೂ ತಾನಾಗಿ ಮಾಡಿದುದು ಯಾವುದು ಎಂಬುದನ್ನು ವಿಂಗಡಿಸಿ ಹೇಳಬೇಕು. ಮುಗಿದ ಮೇಲೆ ಮನಸ್ಸಿನಲ್ಲಿ ಉಳಿದುದೇನೆಂಬುದನ್ನೂ ಹೇಳಬೇಕು. ಅದು ಬರಿಯ ಆಟವೆಂಬ ಮಾತು ಹೊರಗಿನ ಲೋಕದ ಮಟ್ಟಿಗೆ ನಿಜ. ಸತ್ತವರು ಯಾರೂ ಇಲ್ಲ. ಆದರೆ ಹೇಳಬೇಕಾದುದನ್ನು ಹೇಳದಿರುವುದಕ್ಕೆ ಆ ಮಾತನ್ನು ಬಳಸಿಕೊಂಡರೆ ಅದು ಯಶೋಧರನ ಲೆಕ್ಕಕ್ಕೆ ಬಹಳ ದೂರವಾದುದಲ್ಲ.

ದೇವದತ್ತನು ಮೂರು ಆಟಗಳನ್ನೂ ಕುರಿತು ಹೇಳಿ ಮುಗಿಸಿದ ಮೇಲೆ ಸೋದರಮಾವನು ಅವನನ್ನು ಗದರಿಸಲಿಲ್ಲ, ಹೊಗಳಲೂ ಇಲ್ಲವೆಂದು ಇಟ್ಟುಕೊಳ್ಳಬೇಕು. "ಆ ಹೆಂಗಸನ್ನು ಒಳಗೆ ಬಿಟ್ಟಿದ್ದರೆ ಆ ದಿನ ನಿನ್ನ ಮನೆಗೆ ಏನು ಕಡಿಮೆಯಾಗುತ್ತಿತ್ತು?" ಎಂದು ಮಾತ್ರ ಕೇಳಿದನು. ಹುಡುಗನು ಲೆಕ್ಕ ಹಾಕಿ ನೋಡಿ, ಒಂದು ಹೊತ್ತಿನ ಬೆಂಕಿಗೂ ಸಾಲದಷ್ಟು ಹಣವೆಂದು ಹೇಳಿದನು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದನು.